ಕಚರಾ ತಾಈ ಕೈಗೆ ಗಾಜು ಹೊಕ್ಕಿತು, ಕಸ ನಮ್ಮ ಮನೀದು: ಪುಣೆಯೊಳಗ ನೀವು ಹೆಂಗ ಬ್ಯಾರೆ ಮಾಡ್ತೀರಿ?

ಕೋಥ್ರೂಡ್‌ನ ಧಾರವಾಡದಾಕಿ · ಮಂಗಳವಾರ ರಾತ್ರಿ 9:40

ನಮಸ್ಕಾರ್ರಿ ಎಲ್ಲಾರಿಗೂ. ಬರಿಯೋದೋ ಬ್ಯಾಡೋ ಅಂತ ಎರಡು ದಿನ ಯೋಚನಿ ಮಾಡಿ ಬರೀಲಿಕತ್ತೀನಿ. ರವಿವಾರ ಅಡಗಿಮನಿಯೊಳಗ ಉಪ್ಪಿನಕಾಯಿ ಬಾಟಲಿ ಕೈಜಾರಿ ಒಡೀತು. ಊರಿಂದ ಅವ್ವ ಕಳಿಸಿದ ಮಾವಿನಕಾಯಿ, ಜೀವ ಚುರ್ ಅಂತು. ಗಾಜಿನ ಚೂರೆಲ್ಲಾ ಬಳದು ಖಾಲಿ ಹಾಲಿನ ಪಾಕೀಟಿನ್ಯಾಗ ತುಂಬಿ, ಗಂಟು ಹಾಕಿ, ಕಾಯಿಪಲ್ಲೆ ಸಿಪ್ಪಿ ಜೋಡಿ ಹಸಿ ಕಸದ ಬಕೀಟಿಗೆ ಹಾಕಿಬಿಟ್ಟೆ. ಕಣ್ಣಿಗೆ ಕಾಣಲಾರದಂಗ ಆತಲ್ಲ, ನನ್ನ ಕೆಲಸ ಮುಗೀತು ಅನ್ಕೊಂಡೆ.

ಸೋಮವಾರ ಮುಂಜಾನೆ ಕಚರಾ ತಾಈ ಬಂದ್ಲು. (ಮನಿ ಮನಿಗೆ ಬಂದು ಕಸ ಒಯ್ಯಾಕಿ. ಮರಾಠಿಯೊಳಗ ‘ಕಚರಾ’ ಅಂದ್ರ ಕಸ, ‘ತಾಈ’ ಅಂದ್ರ ಅಕ್ಕ. ನಮ್ಮ ಅತ್ತಿಯವರು ಇವತ್ತಿಗೂ ಅದನ್ನ ತಾಯಿ ಅಂತನೇ ತಿಳಕೊಂಡಾರ, ನಾನೂ ತಿದ್ದಲಿಕ್ಕೆ ಹೋಗಿಲ್ಲ.) ಬಕೀಟ್ ಸುರವೂ ಮುಂದ ಆಕಿ ಒಮ್ಮೆ ಕೈ ಆಡಸ್ತಾಳ, ಪ್ಲಾಸ್ಟಿಕ್ ಏನರ ಸೇರೇದೇನು ಅಂತ. ಹಾಲಿನ ಪಾಕೀಟ್ ಕಂಡ್ಲು, ಎಳದ್ಲು. ಅದು ಮಾರಾಟ ಆಗೂ ಮಾಲು, ಆಕಿ ಬಿಡಂಗಿಲ್ಲ. ಗಾಜು ಪಾಕೀಟ್ ಹರಕೊಂಡು ಹೆಬ್ಬೆರಳಿನ ಬುಡಕ್ಕ ಹೊಕ್ಕಿತು.

ಬೈದಿದ್ರ ಚಲೋ ಇರ್ತಿತ್ತು. ಸೆರಗಿನ ತುದಿ ಸುತ್ತಕೊಂಡು, “ವಹಿನಿ, ಉಪ್ಪಿನಕಾಯಿ ಭಾಳ ಖಾರ ಅದ, ಉರೀಲಿಕತ್ತದ” ಅಂದು ನಕ್ಕಳು. ದವಾಖಾನಿಗೆ ಕರಕೊಂಡು ಹೋದೆ. ಮೂರು ಹೊಲಿಗಿ, ಒಂದು ಟಿಟಿ ಇಂಜೆಕ್ಷನ್.

ಹನ್ನೊಂದು ವರ್ಷದಿಂದ ಹಸಿ-ಒಣ ಬ್ಯಾರೆ ಮಾಡ್ತೀನಿ ಅಂತ ನನಗ ಜಂಬ ಇತ್ತು. ಎರಡು ಬಕೀಟ್ ಇಟ್ರ ಆತು ಅನ್ನೂ ಜಂಬ. ಗಾಜು, ಬ್ಲೇಡು, ಡೈಪರ್, ಹಳೇ ಗುಳಗಿ, ಬಲ್ಬು ಇವನ್ನೆಲ್ಲಾ ನೀವು ಏನ್ ಮಾಡ್ತೀರಿ? ಖರೇ ಖರೇ ಮಾಡೂದು ಹೇಳ್ರಿ. ಪುಸ್ತಕದ್ದು ಬ್ಯಾಡ.

ಸದಾಶಿವ ಪೇಠೆ ಸೊಸೆ · ಮಂಗಳವಾರ ರಾತ್ರಿ 10:05

ಅಯ್ಯೋ ಅಕ್ಕಾ. ಓದಿ ಕೈ ಜುಮ್ ಅಂತು.

ನಮ್ಮತ್ತೆ (ಅಪ್ಪಟ ಪುಣೇರಿ) ಮಾಡೋದು ಹೇಳ್ತೀನಿ. ಒಡೆದ ಗಾಜನ್ನ ಪೇಪರಿನ ನಾಲ್ಕೈದು ಪದರದಲ್ಲಿ ಸುತ್ತಿ, ಹಳೇ ಬಿಸ್ಕತ್ ಡಬ್ಬಕ್ಕೋ ರಟ್ಟಿನ ಪೆಟ್ಟಿಗೆಗೋ ಹಾಕಿ, ಸುತ್ತ ಟೇಪ್ ಹೊಡೆದು, ಮೇಲೆ ದಪ್ಪ ಅಕ್ಷರದಲ್ಲಿ ‘ಕಾಚ್’ ಅಂತ ಮರಾಠೀಲಿ ಬರೀತಾರೆ. ಬಕೆಟ್ಟಿಗೆ ಹಾಕೋ ಹಾಗೇ ಇಲ್ಲ. ಬೆಳಗ್ಗೆ ಕೈಗೆ ಕೊಟ್ಟು ಬಾಯಲ್ಲಿ ಹೇಳಬೇಕು. ಒಂದ್ಸಲ ನಾನು ಬರೆಯೋದು ಮರೆತೆ, ಅತ್ತೆ ಟೇಪ್ ಬಿಚ್ಚಿಸಿ, ಇನ್ನೊಮ್ಮೆ ಸುತ್ತಿಸಿ ಬರೆಸಿದ್ರು. ಆಗ ಸಿಟ್ಟು ಬಂದಿತ್ತು.

ಮಾವನ ಶೇವಿಂಗ್ ಬ್ಲೇಡಿಗೆ ಹಳೇ ಪೌಡರ್ ಡಬ್ಬಿ. ಪಕ್ಕಕ್ಕೆ ಒಂದು ಸೀಳು ಮಾಡಿಟ್ಟಿದ್ದಾರೆ, ಬ್ಲೇಡು ಒಳಗೆ ಹೋಗುತ್ತೆ, ಹೊರಗೆ ಬರಲ್ಲ. ಎರಡು ವರ್ಷಕ್ಕೂ ತುಂಬಿಲ್ಲ. ಇನ್ಸುಲಿನ್ ತಗೊಳ್ಳೋರು ಸೂಜಿಗೂ ಹೀಗೇ ಮಾಡಿ. ಗಟ್ಟಿ ಡಬ್ಬಿ ಬೇಕು, ಪಾಲಿಥಿನ್ ಚೀಲ ನಡೆಯಲ್ಲ.

ವಾಕಡ್ ಮೈಸೂರಿಗ · ಮಂಗಳವಾರ ರಾತ್ರಿ 10:31

ಬೇಜಾರಾಯ್ತು ಮೇಡಂ. ಆದ್ರೆ ಒಂದು ಕೇಳ್ತೀನಿ, ಯಾರೂ ಮೇಲೆ ಬೀಳ್ಬೇಡಿ. ಆಕೆ ಗ್ಲೌಸ್ ಯಾಕೆ ಹಾಕಿಲ್ಲ? ಎರಡನೇದು, ತಿಂಗಳು ತಿಂಗಳು ದುಡ್ಡು ಕೊಡ್ತೀವಿ. ಬೇರೆ ಮಾಡೋದು ಅವರ ಕೆಲಸ ಅಲ್ವಾ? ಆಫೀಸಿಂದ ಒಂಬತ್ತಕ್ಕೆ ಬಂದು ಮೊಸರಿನ ಕಪ್ ತೊಳೀತಾ ಕೂರೋಕೆ ಯಾರಿಗೆ ಪುರುಸೊತ್ತಿದೆ. ಅದೂ ಅಲ್ದೆ, ನಮ್ಮ ಸೊಸೈಟೀಲಿ ಹೌಸ್‌ಕೀಪಿಂಗ್‌ನವರು ಹಸಿ ಡಬ್ಬ ಒಣ ಡಬ್ಬ ಎರಡನ್ನೂ ಒಂದೇ ಡ್ರಮ್ಮಿಗೆ ಸುರಿಯೋದನ್ನ ಕಣ್ಣಾರೆ ನೋಡಿದೀನಿ. ಮತ್ಯಾಕೆ ಈ ನಾಟಕ?

ಮೌನ ಓದುಗ · ಮಂಗಳವಾರ ರಾತ್ರಿ 10:33

ಪಾಪ್‌ಕಾರ್ನ್ ತರ್ತೀನಿ. ಪ್ಯಾಕೆಟ್ ಒಣ ಕಸಕ್ಕಾ, ಹಸಿ ಕಸಕ್ಕಾ?

ಅವ್ವನ ಮಗ · ಬುಧವಾರ ಮುಂಜಾನೆ 6:12

ನಾ ಇಲ್ಲಿ ಓದೂದೇ ಹೆಚ್ಚು, ಬರಿಯೂದು ಕಡಿಮಿ. ಇವತ್ತ ಬರೀಬೇಕನಿಸ್ಯದ.

ನಮ್ಮವ್ವ ಪುಣ್ಯಾದಾಗ ಇಪ್ಪತ್ತೆಂಟು ವರ್ಷ ಕಚರಾ ಆರಿಸ್ಯಾಳ. 72ರ ಬರದಾಗ ಅಫಜಲಪುರ ಕಡಿಂದ ನಮ್ಮ ಅಜ್ಜ-ಅಜ್ಜಿ ಹೊಟ್ಟಿಪಾಡಿಗಿ ಇಲ್ಲಿ ಬಂದ್ರು, ಅವ್ವ ಆಗ ಕಂಕುಳದಾಗಿನ ಕೂಸು. ನಾ ಈಗ ಕಂಪನಿಯಾಗ ಅಕೌಂಟ್ಸ್ ನೋಡ್ತೀನಿ. ಆಕಿ ಆರಿಸಿದ ರದ್ದಿ, ಪುಠ್ಠಾದ (ರಟ್ಟಿನ) ಮ್ಯಾಲೇ ನನ್ನ ಬಿ.ಕಾಂ. ಆಗ್ಯದ.

ಗ್ಲೌಸ್ ಮಾತು ಮೊದಲ್ ಹೇಳ್ತೀನಿ ಮೈಸೂರು ಅಣ್ಣಾ. ಅವ್ವನ ಹತ್ರಾನೂ ಇದ್ವು, ಪೆಟ್ಟಿಗ್ಯಾಗ. ಹಾಕ್ಕೊಂಡ್ರ ಮಾಲು ತಿಳಿಯಂಗಿಲ್ಲ. ಆಕಿ ಪ್ಲಾಸ್ಟಿಕ್ ಹಿಡದು ಎರಡು ಬೆರಳಿನ ನಡಕ ತಿಕ್ಕಿ ನೋಡ್ತಿದ್ಲು. ಕರ್ ಕರ್ ಸಪ್ಪಳ ಆದ್ರ ಒಂದು ಗೋಣಿಗಿ, ಸಪ್ಪಳ ಇಲ್ಲದ ಮೆತ್ತಗ ಜಗ್ಗಿದ್ರ ಇನ್ನೊಂದು ಗೋಣಿಗಿ. ಎರಡಕ್ಕೂ ಭಂಗಾರ್ (ಗುಜರಿ) ಅಂಗಡ್ಯಾಗ ದರ ಬ್ಯಾರೆ. ಕಣ್ಣಿಗಿ ಎರಡೂ ಒಂದೇ ಕಾಣ್ತಾವ, ಬೆರಳಿಗಿ ಗೊತ್ತಾಗ್ತದ. ಮ್ಯಾಲ ಹಸಿ ಕಚರಾದಾಗ ಗ್ಲೌಸ್ ಒಳಗ ನೀರ್ ಹೊಕ್ಕು, ಸಂಜಿಮಟ ಕೈ ಬೆಂದಂಗ ಆಗ್ತಾವ. ಮಂದಿ ಸಸಾರ ಹೇಳ್ತಾರ, ಹಾಕ್ಕೊಂಡು ಒಂದಿನ ಮಾಡಿ ನೋಡ್ರಿ.

ಇನ್ನ ರೊಕ್ಕದ ಮಾತು. ನೀವು ಕೊಡೂದು ಬಾಗಿಲಿಂದ ಗಾಡಿತನಕ ಒಯ್ಯೂ ಕೂಲಿ. ಬ್ಯಾರೆ ಮಾಡೂ ಜವಾಬ್ದಾರಿ ಮನಿಯವರದೇ ಅಂತ 2016ರ ಘನತ್ಯಾಜ್ಯ ನಿಯಮದಾಗೇ ಬರದಿದ್ರು: ಆಗ ಹಸಿದು, ಒಣದು, ಮನಿಯಾಗಿನ ಅಪಾಯದ ಕಸ ಅಂತ ಮೂರು ಭಾಗ. ಅದು ದೇಶಕ್ಕೆಲ್ಲಾ ಒಂದೇ ಇತ್ತು.

ಅವ್ವ ಮೊದಲ್ ರಸ್ತಾದ ಮ್ಯಾಲಿನ ಕಚರಾ ತೊಟ್ಟ್ಯಾಗ ಇಳದು ಆರಿಸ್ತಿದ್ಲು. ನಾಯಿ, ಹಂದಿ, ಆಕಿ, ಎಲ್ಲಾರೂ ಒಂದೇ ತೊಟ್ಟ್ಯಾಗ. 1993ರಾಗ ಪುಣ್ಯಾದಾಗ ‘ಕಾಗದ್ ಕಾಚ್ ಪತ್ರಾ ಕಷ್ಟಕರೀ ಪಂಚಾಯತ್’ ಅಂತ ಕಚರಾ ಆರಿಸೋರ ಸಂಘ ಹುಟ್ಟಿತು. ಹೆಸರೇ ನೋಡ್ರಿ, ಕಾಗದ, ಗಾಜು, ತಗಡು. ಮುಂದ ಗುರುತಿನ ಚೀಟಿ ಸಿಕ್ಕವು. ಅದನ್ನ ಕೊಳ್ಳಾಗ ಹಾಕ್ಕೊಂಡ್ ಹೋದ್ರ ವಾಚ್‌ಮನ್ ‘ಏ’ ಅನ್ನೂದು ಬಿಟ್ಟು ‘ಮಾವಶಿ’ (ಚಿಕ್ಕವ್ವ) ಅನ್ಲಕ್ ಸುರು ಮಾಡ್ದ. ಅದೇ ಸಂಘದಿಂದ ಸ್ವಚ್ಛ್ ಸಹಕಾರಿ ಬಂತು, 2008ರಾಗ ಮಹಾನಗರಪಾಲಿಕಿ ಜೋಡಿ ಒಪ್ಪಂದ ಆಯ್ತು, ಇವರೆಲ್ಲಾ ಮನಿ ಬಾಗಿಲಿಗಿ ಬರ್ಲಕ್ ಹತ್ತಿದ್ರು. ತೊಟ್ಟ್ಯಾಗ ಇಳಿಯೂದು ತಪ್ಪಿತು. ಆದ್ರ ಗಾಜು ಪಾಕೀಟಿನ್ಯಾಗ ಕಟ್ಟಿ ಕೊಟ್ರ ಆ ತೊಟ್ಟಿ ಬಾಗಿಲಿಗೇ ಬಂದಂಗಾಯ್ತು.

ಅಕ್ಕಾರ, ನಿಮಗಂತ ಅಂದಿದ್ದಲ್ಲ. ನೀವು ದವಾಖಾನಿಗಿ ಒಯ್ದೀರಿ. ಅವ್ವನ ಕೈಯಾಗ ಏಳು ಗುರುತು ಅವ, ಒಂದಕ್ಕೂ ಯಾರೂ ಒಯ್ದಿದ್ದಿಲ್ಲ.

ವಾಕಡ್ ಮೈಸೂರಿಗ · ಬುಧವಾರ ಬೆಳಗ್ಗೆ 8:50

ಅಣ್ಣ, ನಾನು ಬಾಯಿ ಮುಚ್ಕೊಂಡಿರಬೇಕಿತ್ತು. ಸಾರಿ.

ಬೆಳಗ್ಗೆ ಚಿಪ್ಸ್ ಪ್ಯಾಕೆಟ್ ಒಂದು, ಬ್ರೆಡ್ ಕವರ್ ಒಂದು ಹಿಡ್ಕೊಂಡು ತಿಕ್ಕಿ ನೋಡ್ದೆ. ಹೆಂಡತಿ ನನ್ನ ಒಂಥರಾ ನೋಡಿದ್ಳು.

ಆದ್ರೂ ಡ್ರಮ್ಮಿನ ಪ್ರಶ್ನೆ ಹಾಗೇ ಉಳೀತು. ಮೇಲಿಂದ ಮಿಕ್ಸ್ ಆಗೋದಾದ್ರೆ ನಾನು ಮನೇಲಿ ಮಾಡಿ ಏನು ಪ್ರಯೋಜನ?

ಹಡಪ್ಸರ್ ಮೇಷ್ಟ್ರು · ಬುಧವಾರ ಬೆಳಗ್ಗೆ 11:20

ಮೈಸೂರಿನವರೇ, ಡ್ರಮ್ಮಿಗೆ ಸುರಿಯುವವರು ನಿಮ್ಮ ಸೊಸೈಟಿಯ ಸಂಬಳದವರು. ಎರಡು ಡ್ರಮ್ ತರಿಸಿ, ಒಂದಕ್ಕೆ ಹಸಿರು ಬಣ್ಣ, ಒಂದಕ್ಕೆ ನೀಲಿ ಬಳಿಸಿ, ಒಂದು ವಾರ ನೀವೇ ಬೆಳಗ್ಗೆ ಕೆಳಗೆ ನಿಂತು ನೋಡಿ. ನಮ್ಮಲ್ಲಿ ನಾನು ನಿಂತೆ. ‘ಮೇಷ್ಟ್ರು ಕಸಕ್ಕೆ ಹಾಜರಿ ಹಾಕ್ತಾರೆ’ ಎಂದು ನಕ್ಕರು. ನಗಲಿ.

ಮಿಕ್ಸ್ ಆದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೂಗಿನಿಂದಲೇ ಬಲ್ಲವನು ನಾನು. ಊರಿನ ಕಸ ಮೊದಲು ಕೋಥ್ರೂಡ್‌ನಲ್ಲೇ ಸುರಿಯಲ್ಪಡುತ್ತಿತ್ತು. ಪೌಡ್ ರಸ್ತೆಯ ಆ ಜಾಗವನ್ನು ಹಳಬರು ಇಂದಿಗೂ ‘ಕಚರಾ ಡೇಪೋ’ ಎನ್ನುತ್ತಾರೆ. ಈಗ ಅಲ್ಲಿ ವನಾಜ್ ಮೆಟ್ರೋದ ಬೋಗಿಗಳು ನಿಲ್ಲುತ್ತವೆ. ಧಾರವಾಡದ ತಂಗಿ, ನಿಮ್ಮ ಮನೆ ಅಲ್ಲೇ ಎಲ್ಲೋ ಇರಬೇಕು. ಕೋಥ್ರೂಡ್ ಬೆಳೆಯಿತು, ಕಸ ಅಲ್ಲಿಂದ ಎದ್ದು ನಮ್ಮ ಕಡೆ, ಉರುಳಿ ದೇವಾಚಿ ಮತ್ತು ಫುರ್ಸುಂಗಿಗೆ ಬಂತು. ಹೊಲ, ಬಾವಿ ಇದ್ದ ಊರುಗಳು. ಸುಮಾರು 163 ಎಕರೆ ಡಿಪೋ. ಊರಿನವರು ಎಷ್ಟು ಬಾರಿ ಲಾರಿ ತಡೆದು ಕುಳಿತಿದ್ದಾರೋ ಲೆಕ್ಕವಿಲ್ಲ. ಲಾರಿ ನಿಂತಾಗೆಲ್ಲ ಪೇಠೆಗಳಲ್ಲಿ ಕಸ ಗುಡ್ಡೆ ಬೀಳುತ್ತಿತ್ತು, ಆಗ ಮಾತ್ರ ಎಲ್ಲರಿಗೂ ಫುರ್ಸುಂಗಿ ಎಂಬ ಹೆಸರು ನೆನಪಾಗುತ್ತಿತ್ತು.

ಪಾಠ ಮಾಡಿದ ಚಾಳಿ, ಎರಡು ಮಾತು ಸಹಿಸಿಕೊಳ್ಳಿ. ಅನ್ನ, ಸಿಪ್ಪೆ, ಎಲೆ ಗಾಳಿಯಲ್ಲಿ ಕೊಳೆತರೆ ಗೊಬ್ಬರ. ಅವೇ ಪ್ಲಾಸ್ಟಿಕ್ ಚೀಲದೊಳಗೆ, ನೂರು ಲಾರಿಯ ಅಡಿಯಲ್ಲಿ, ಗಾಳಿಯಿಲ್ಲದೆ ಕೊಳೆತರೆ ಮೀಥೇನ್. ಅದೇ ಬೇಸಿಗೆಯಲ್ಲಿ ತಾನಾಗಿ ಹೊತ್ತಿಕೊಳ್ಳುವುದು. ಮಳೆ ಬಿದ್ದರೆ ಅದರಿಂದ ಇಳಿಯುವ ಕಪ್ಪು ರಸ ಬಾವಿಗೆ. ಅಂದರೆ ವಾಸನೆ, ಬೆಂಕಿ, ನೀರು ಕೆಡುವುದು ಮೂರಕ್ಕೂ ಮೂಲ ಹಸಿ ಕಸ. ಚಿಪ್ಸ್ ಪ್ಯಾಕೆಟ್ಟಿನ ಬಗ್ಗೆ ನಾವು ಹೆಚ್ಚು ಮಾತಾಡುತ್ತೇವೆ, ನಾರುವುದು ನಮ್ಮ ಮೊನ್ನೆಯ ಸಾರನ್ನ.

ಇನ್ನೊಂದು. ಡಿಸೆಂಬರ್ ಬಂತೆಂದರೆ ವಾಚ್‌ಮನ್‌ಗಳು ಚಳಿಗೆ ಒಣಗಿದ ಎಲೆ ಗುಡಿಸಿ, ಅದರ ಜೊತೆ ಎರಡು ಪ್ಲಾಸ್ಟಿಕ್ ಚೀಲವನ್ನೂ ಸೇರಿಸಿ ಬೆಂಕಿ ಹಾಕುತ್ತಾರೆ. ಅದಕ್ಕೂ ನಿಯಮದಲ್ಲಿ ನಿಷೇಧವಿದೆ. ಬೈಯಬೇಡಿ, ಒಂದು ಕಂಬಳಿ ಕೊಡಿಸಿ.

ಡೆಕ್ಕನ್ ಮಾಣಿ · ಬುಧವಾರ ಮಧ್ಯಾಹ್ನ 3:45

ಮೇಷ್ಟ್ರು ಹೇಳಿದ್ದು ಸತ್ಯ ಮಾರಾಯ್ರೆ. ನಮ್ಮದು ಡೆಕ್ಕನ್‌ನಲ್ಲಿ ಸಣ್ಣ ಹೋಟೆಲು, ಅಪ್ಪನ ಕಾಲದಿಂದ. ರಶ್ ಇಳಿದ ಮೇಲೆ ಬರೆಯುವುದು.

ಹೋಟೆಲಿನವನಿಗೆ ಕಸ ಅಂದ್ರೆ ಲೆಕ್ಕ. ಎಂಜಲು ಬೇರೆ, ತರಕಾರಿ ಸಿಪ್ಪೆ ಬೇರೆ, ಕಾಫಿ ಚರಟ ಬೇರೆ, ತೆಂಗಿನ ಚಿಪ್ಪು ಬೇರೆ. ಕಾಫಿ ಚರಟ ಕೊಂಡು ಹೋಗ್ಲಿಕ್ಕೆ ಈಗ ಗಿಡ ಸಾಕುವ ಮಕ್ಕಳು ಡಬ್ಬಿ ಹಿಡ್ಕೊಂಡು ಬರ್ತಾರೆ. ಮೊದಲು ಒಂದು ಕಾಫಿಯಾದ್ರೂ ಕುಡೀತಿದ್ರು, ಈಗ ಚರಟ ಮಾತ್ರ!

ನಾನು ಹೇಳ್ಬೇಕು ಅಂತ ಬಂದದ್ದು ಎಣ್ಣೆ ವಿಷಯ. ಕರಿದು ಕಪ್ಪಾದ ಎಣ್ಣೆ ಮನೆಯಲ್ಲಿ ಎಂತ ಮಾಡ್ತೀರಿ? ಹೆಚ್ಚಿನವರು ಸಿಂಕಿಗೆ. ಅದು ಪೈಪಿನಲ್ಲಿ ತಣ್ಣಗಾಗಿ ಬೆಣ್ಣೆ ಹಾಗೆ ಹೆಪ್ಪುಗಟ್ತದೆ, ಮತ್ತೆ ಪ್ಲಂಬರ್‌ಗೆ ಫೋನ್. ಹೋಟೆಲಿಗೆ 2018ರಿಂದ ನಿಯಮ ಉಂಟು: ಎಣ್ಣೆಯಲ್ಲಿ ಪೋಲಾರ್ ಕಾಂಪೌಂಡ್, ಅಂದ್ರೆ ಪದೇ ಪದೇ ಕಾಯಿಸಿದಾಗ ಹೆಚ್ಚುವ ಕೆಟ್ಟ ಅಂಶವನ್ನು ಅಳೆಯುವುದು, ಅದು ಶೇ 25 ದಾಟಿದ್ರೆ ಆ ಎಣ್ಣೆ ಮತ್ತೆ ಬಾಣಲೆಗೆ ಹೋಗುವ ಹಾಗಿಲ್ಲ. ಅದನ್ನು ಬಯೋಡೀಸೆಲ್ ಮಾಡುವವರು ಕೊಂಡು ಹೋಗ್ತಾರೆ, ದುಡ್ಡೂ ಕೊಡ್ತಾರೆ. ಮನೆಯವರು ಬಾಟಲಿಯಲ್ಲಿ ಸೇರಿಸಿ ಇಟ್ಟು, ಪರಿಚಯದ ಹೋಟೆಲಿಗೆ ಕೊಟ್ರೆ ಅವರ ಕ್ಯಾನಿನ ಜೊತೆ ಹೋಗ್ತದೆ. ಪರಿಚಯದ ಹೋಟೆಲ್ ಇಲ್ಲದವರು ನಮ್ಮಲ್ಲಿಗೆ ಬನ್ನಿ, ಕಾಫಿ ಕುಡಿಯಬೇಕು ಅಂತ ಮಾತ್ರ ಷರತ್ತು.

ಬಾಣಲೆ ತಳದ ಜಿಡ್ಡಿಗೆ ಹಳೇ ಪೇಪರು. ಒರೆಸಿ ಆಮೇಲೆ ತೊಳೆಯುವುದು. ಆ ಪೇಪರ್ ಹಸಿ ಕಸಕ್ಕೆ, ರದ್ದಿಗಲ್ಲ.

ಹಿಂಜೆವಾಡಿ ಹೊಸಬಳು · ಬುಧವಾರ ರಾತ್ರಿ 9:15

ನಮಸ್ತೆ. ಕೇಳೋಕೆ ಸ್ವಲ್ಪ ಮುಜುಗರ. ಪಿಜಿಯಲ್ಲಿ ಐದು ಜನ ಹುಡುಗಿಯರು ಇದ್ದೀವಿ. ಪ್ಯಾಡ್ ಯಾವ ಕಸಕ್ಕೆ? ಒಬ್ಬಳು ಫ್ಲಶ್ ಮಾಡ್ತಾಳೆ, ಎರಡು ಸಲ ಬ್ಲಾಕ್ ಆಯ್ತು. ಇನ್ನೊಬ್ಬಳು ಕಪ್ಪು ಕವರಲ್ಲಿ ಕಟ್ಟಿ ಒಣ ಕಸಕ್ಕೆ ಹಾಕ್ತಾಳೆ.

ಸದಾಶಿವ ಪೇಠೆ ಸೊಸೆ · ಬುಧವಾರ ರಾತ್ರಿ 9:28

ಮುಜುಗರ ಯಾಕಮ್ಮಾ, ನಿನ್ನ ಪ್ರಶ್ನೆ ಎಲ್ಲರ ಮನೇಲೂ ಇರೋದೇ.

ಫ್ಲಶ್ ಯಾವತ್ತೂ ಬೇಡ. ಪ್ಯಾಡ್ ಒಳಗಿನ ಪುಡಿ ನೀರು ಹೀರಿ ಊದಿಕೊಳ್ಳೋಕೇ ಮಾಡಿದ್ದು, ಪೈಪಲ್ಲೂ ಅದೇ ಕೆಲಸ ಮಾಡುತ್ತೆ. ಕಪ್ಪು ಕವರೂ ಬೇಡ. ಒಳಗೇನಿದೆ ಅಂತ ಗೊತ್ತಾಗದೆ ಯಾರೋ ಬಿಚ್ಚಲೇಬೇಕಾಗುತ್ತೆ. ಹಳೇ ಪೇಪರಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಲ್ಲಿ ದೊಡ್ಡ ಚುಕ್ಕೆ ಹಾಕಿ, ಬೇರೆಯಾಗೇ ಕೊಡಿ. ಕೆಂಪು ಚುಕ್ಕೆ ಅಂದ್ರೆ ಬಿಚ್ಚಬೇಡಿ ಅಂತ. ಸ್ವಚ್ಛ್‌ನವರೇ ಶುರು ಮಾಡಿದ ಗುರುತು ಅದು. ಹಳೇ ಪೇಪರಿನಿಂದ ಮಾಡಿದ ಸಣ್ಣ ಚೀಲಗಳನ್ನೂ ಅವರು ಮಾರ್ತಾರೆ, ಕಸ ಆರಿಸ್ತಿದ್ದ ಹೆಂಗಸರೇ ಕೂತು ಅಂಟಿಸೋದು. ಮಗುವಿನ ಡೈಪರ್‌ಗೂ ಇದೇ ಚುಕ್ಕೆ, ಆದ್ರೆ ಮೊದಲು ಒಳಗಿರೋದನ್ನ ಕಕ್ಕಸಿಗೆ ಹಾಕಿ.

ಪಿಜಿ ಬಾತ್‌ರೂಮಲ್ಲಿ ದಾರ ಕಟ್ಟಿ ಒಂದು ಕೆಂಪು ಸ್ಕೆಚ್ ಪೆನ್ ನೇತಾಡಿಸಿ. ಹೇಳೋ ಕೆಲಸ ಅದೇ ಮಾಡುತ್ತೆ.

ಅವ್ವನ ಮಗ · ಬುಧವಾರ ರಾತ್ರಿ 10:02

ಒಂದು ಮಾತು ಸೇರಸ್ತೀನಿ. ಪ್ಯಾಡಿನ ಜೋಡಿ ಸುತ್ಲಕ್ ಚೀಲ ಕೊಡೂ ಜವಾಬ್ದಾರಿ ಕಂಪನಿಗೋಳ ಮ್ಯಾಲೂ ಅದ, ಅದೂ 2016ರ ನಿಯಮದಾಗೇ ಬಂದದ. ಅದಕಿನ್ನ ಮೊದಲ್, ಸ್ವಚ್ಛ್‌ನ ಹೆಣ್ಮಕ್ಕಳು ಒಂದ್ಸಲ ಮನಿ ಮನಿಂದ ಬಂದ ಪ್ಯಾಡ್‌ಗೋಳು ಚೀಲದಾಗ ತುಂಬಿ ಅದನ್ನ ತಯಾರ್ ಮಾಡೂ ಕಂಪನಿಗೋಳಿಗೇ ವಾಪಸ್ ಕಳಿಸಿದ್ರು. “ನಿಮ್ಮ ಮಾಲು, ನೀವೇ ನೋಡ್ರಿ” ಅಂತ. ಅವ್ವ ಆ ಸುದ್ದಿ ಹೇಳೂ ಮುಂದ ಈಗೂ ಸೆರಗು ಬಾಯಿಗಿ ಹಚ್ಚಿ ನಗ್ತಾಳ.

ಕೋಥ್ರೂಡ್‌ನ ಧಾರವಾಡದಾಕಿ · ಗುರುವಾರ ಮಧ್ಯಾಹ್ನ 2:10

ಎಲ್ಲಾ ಓದಿದೆ, ಎರಡು ಸಲ. ಮೇಷ್ಟ್ರ, ಕಚರಾ ಡೇಪೋ ಅಂತ ರಿಕ್ಷಾದವ್ರಿಗೆ ನಾನೂ ಎಷ್ಟೋ ಸಲ ಹೇಳೀನಿ. ಆ ಹೆಸರು ಯಾಕ ಬಂತು ಅಂತ ಒಮ್ಮೆನೂ ಕೇಳಿಲ್ಲ.

ಹಸಿ ಕಸ ಮನಿಯೊಳಗ ಗೊಬ್ಬರ ಮಾಡಬೇಕಂತ ಹೋದ ವರ್ಷ ಮೂರು ಮಣ್ಣಿನ ಗಡಗಿ ತಂದಿದ್ದೆ. ಹದಿನೈದು ದಿನದಾಗ ನಾತ, ಆಮ್ಯಾಲ ಬಿಳಿ ಹುಳ, ಬಾಜೂ ಮನಿಯವ್ರ ಮಾರಿ ಗಡಗಿಗಿಂತ ದೊಡ್ಡದಾತು. ಬಿಟ್ಟೆ. ಯಾರರ ಬಾಲ್ಕನಿಯೊಳಗ ಖರೇನ ಮಾಡ್ತೀರೇನು?

ಬಾಲ್ಕನಿ ಗೊಬ್ಬರ · ಗುರುವಾರ ಸಂಜೆ 6:30

ಕರೆದಿರಾ? ಔಂಧ್‌ನಲ್ಲಿ, ನಾಲ್ಕನೇ ಮಹಡಿ, ಆರನೇ ವರ್ಷ. ಮೂಲ ಶಿವಮೊಗ್ಗ, ಅಲ್ಲಿ ಹಿತ್ತಿಲ ಗುಂಡಿಗೆ ಎಸೆದ್ರೆ ಮುಗೀತಿತ್ತು. ಇಲ್ಲಿ ಕಲಿಯಬೇಕಾಯ್ತು.

ನಾತ ಎರಡು ಥರ. ಮೂಗಿಗೆ ಚುಚ್ಚೋ ಘಾಟು, ಬಸ್ ಸ್ಟ್ಯಾಂಡ್ ಮೂತ್ರಖಾನೆ ಥರದ್ದು ಬಂದ್ರೆ ಸಿಪ್ಪೆ ಜಾಸ್ತಿ, ಒಣದ್ದು ಕಡಿಮೆ ಅಂತ. ಕೊಳೆತ ಮೊಟ್ಟೆ ಥರದ್ದು ಬಂದ್ರೆ ಒಳಗೆ ಗಾಳಿ ಇಲ್ಲ, ನೀರು ನಿಂತಿದೆ ಅಂತ. ಎರಡಕ್ಕೂ ಮದ್ದು ಒಂದೇ, ಒಣ ಎಲೆ. ಒಂದು ಬೊಗಸೆ ಸಿಪ್ಪೆ ಹಾಕಿದ್ರೆ ಎರಡು ಬೊಗಸೆ ಪುಡಿ ಮಾಡಿದ ಎಲೆ. ನೀವು ಎಲೆ ಹಾಕಿರಲ್ಲ, ನಂಗೊತ್ತು. ಯಾರೂ ಹಾಕಲ್ಲ. ಗಡಿಗೆ ಮಾರೋರು ಅದನ್ನ ಒತ್ತಿ ಹೇಳಲ್ಲ. ಎಲೆ ಎಲ್ಲಿ ಸಿಗುತ್ತೆ ಅಂದ್ರೆ, ಮಾರ್ಚ್‌ನಲ್ಲಿ ಪುಣೆ ರಸ್ತೆ ತುಂಬ ಎಲೆ. ಗೋಣಿಚೀಲ ತಗೊಂಡು ಹೋಗಿ ವರ್ಷಕ್ಕಾಗೋಷ್ಟು ತುಂಬಿಸಿ. ಬ್ರೌನ್ ಲೀಫ್ ಅಂತ ಪುಣೆಯಲ್ಲೇ ಹುಟ್ಟಿದ ಗುಂಪಿದೆ, ಒಣ ಎಲೆ ಇರೋರನ್ನೂ ಬೇಕಾದೋರನ್ನೂ ಜೋಡಿಸ್ತಾರೆ. ನನಗೆ ಮೊದಲ ವರ್ಷದ ಎಲೆ ಸಿಕ್ಕಿದ್ದು ಹಾಗೇ.

ಹುಳ. ಬೂದುಬಿಳಿ, ದಪ್ಪಗೆ, ಅಕ್ಕಿ ಕಾಳಿಗಿಂತ ದೊಡ್ಡದು, ಕೈಯಿಟ್ರೆ ಗಟ್ಟಿ ಅಂತ ಇದ್ರೆ ಅದು ಸೈನಿಕ ನೊಣದ (ಬ್ಲ್ಯಾಕ್ ಸೋಲ್ಜರ್ ಫ್ಲೈ) ಮರಿ. ಓಡಿಸಬೇಡಿ. ಅದು ಮೂರು ದಿನದ ಕೆಲಸ ಒಂದು ದಿನದಲ್ಲಿ ಮಾಡುತ್ತೆ. ದೊಡ್ಡದಾದ ಮೇಲೆ ಆ ನೊಣ ಊಟದ ಮೇಲೆ ಕೂರಲ್ಲ, ಅದಕ್ಕೆ ತಿನ್ನೋ ಬಾಯೇ ಇಲ್ಲದ ಹಾಗೆ. ನೋಡೋಕೆ ಅಸಹ್ಯ, ಒಪ್ಕೋತೀನಿ. ನನ್ನ ಗಂಡ ಮೊದಲ ತಿಂಗಳು ಬಾಲ್ಕನಿ ಬಾಗಿಲೇ ತೆಗೆದಿರಲಿಲ್ಲ. ಮೇಲೆ ಎರಡಿಂಚು ಒಣ ಎಲೆ ಮುಚ್ಚಿಟ್ರೆ ಹುಳ ಕಾಣಲ್ಲ, ಪಕ್ಕದ ಮನೆಯವರ ಮುಖವೂ ಸರಿಹೋಗುತ್ತೆ.

ಶುರುವಿಗೆ ಒಂದು ಲೋಟ ಹುಳಿ ಮಜ್ಜಿಗೆ ಚಿಮುಕಿಸಿ, ಇಲ್ಲ ಯಾರದ್ದಾದ್ರೂ ಹಳೇ ಗೊಬ್ಬರ ಒಂದು ಹಿಡಿ. ವಾರಕ್ಕೆರಡು ಸಲ ಕೋಲಲ್ಲಿ ತಿರುವಿ. ಮುಷ್ಟಿಯಲ್ಲಿ ಹಿಂಡಿದ್ರೆ ಬೆರಳು ಒದ್ದೆ ಆಗಬೇಕು, ನೀರು ತೊಟ್ಟಿಕ್ಕಬಾರದು. ಜೂನ್‌ನಿಂದ ಗಡಿಗೆಗಳನ್ನ ಗೋಡೆ ಪಕ್ಕ ಎಳ್ಕೊಳ್ಳಿ, ಇಲ್ಲಾಂದ್ರೆ ಮಳೆ ನೀರು ಹೋಗಿ ಸಾರು ಆಗುತ್ತೆ. ಎರಡು ಎರಡೂವರೆ ತಿಂಗಳಿಗೆ ಮಳೆ ಬಿದ್ದ ಮಣ್ಣಿನ ವಾಸನೆ ಬರೋಕೆ ಶುರುವಾಗುತ್ತೆ. ಆಗ ಆಯ್ತು ಅಂತ.

ತೆಂಗಿನ ಚಿಪ್ಪು, ಮಾವಿನ ಓಟೆ, ಮೂಳೆ ಹಾಕಬೇಡಿ. ಉಳಿದ ಪಲ್ಯ ಹಾಕಬಹುದು, ಎಣ್ಣೆ ಕಡಿಮೆ ಇರಲಿ. ನಿಂಬೆ ಸಿಪ್ಪೆ ಹಾಕಬಾರದು ಅಂತಾರೆ, ನಾನು ಹಾಕ್ತೀನಿ, ಏನೂ ಆಗಿಲ್ಲ.

ಮೌನ ಓದುಗ · ಗುರುವಾರ ಸಂಜೆ 6:41

ಬಾಯೇ ಇಲ್ಲದ ನೊಣ. ನಮ್ಮ ಸೊಸೈಟಿ ಕಮಿಟಿಗೆ ಒಂದೆರಡು ಸಿಗ್ತಾವಾ?

ವಾಕಡ್ ಮೈಸೂರಿಗ · ಗುರುವಾರ ರಾತ್ರಿ 11:05

ಕಮಿಟಿ ಅಂದ್ರಲ್ಲ, ಇವತ್ತು ಮೀಟಿಂಗ್‌ನಲ್ಲಿ ಎರಡು ಡ್ರಮ್ ಮಾತು ಎತ್ತಿದೆ. ‘ಖರ್ಚು ಯಾರು ಕೊಡ್ತಾರೆ’ ಅಂದ್ರು. ಯಾರಾದ್ರೂ ದುಡ್ಡಿನ ದಾರಿ ಹೇಳಿ. ಜೊತೆಗೆ ಒಣ ಕಸದಲ್ಲಿ ನಿಜವಾಗಿ ಯಾವುದಕ್ಕೆ ಬೆಲೆ ಇದೆ ಅಂತಾನೂ. ಅವ್ವನ ಮಗ ಅಣ್ಣ, ನಿಮ್ಮನ್ನೇ ಕೇಳ್ತಿರೋದು.

ಅವ್ವನ ಮಗ · ಶುಕ್ರವಾರ ಮುಂಜಾನೆ 6:20

ಅವ್ವನ ಬಾಜೂಕ್ ಕುಂತು ಬರೀಲತ್ತೀನಿ, ತಪ್ಪಾದ್ರ ಆಕೀದು.

ಪುಠ್ಠಾ ಒಣಗಿದ್ರ ಬೆಲಿ, ತೊಯ್ದ್ರ ಮಣ್ಣು. ಅದಕ್ಕೇ ಮಳಿಗಾಲದಾಗ ಪೆಟ್ಟಿಗಿ ಹೊರಗ ಇಡಬ್ಯಾಡ್ರಿ. ಪಿಜ್ಜಾ ಡಬ್ಬಿಯ ಎಣ್ಣಿ ಹತ್ತಿದ ತಳ ಹರದು ಹಸಿ ಕಸಕ್ಕ, ಮ್ಯಾಲಿನ ಮುಚ್ಚಳ ಪುಠ್ಠಾಕ್ಕ. ಅಂಗಡಿ ಬಿಲ್ಲು, ನುಣ್ಣನ್ನ ಕಾಗದದ್ದು, ರದ್ದಿ ಅಲ್ಲ. ಉಗುರಿಲೆ ಗೀರಿದ್ರ ಕಪ್ಪು ಗೆರಿ ಮೂಡ್ತದ ನೋಡ್ರಿ, ಅದು ರಾಸಾಯನಿಕ ಬಳದ ಕಾಗದ.

ಹಾಲಿನ ಪಾಕೀಟ್ ಕತ್ತರಿಸೂ ಮುಂದ ತುದಿ ಪೂರ್ತಿ ಕತ್ತರಿಸಿ ಬಿಸಾಡಬ್ಯಾಡ್ರಿ, ಪಾಕೀಟಿಗೇ ತೂಗಿರಲಿ. ಆ ಉಗುರಷ್ಟು ತುಂಡು ಯಾರ ಕೈಗೂ ಸಿಗಂಗಿಲ್ಲ, ಗಟಾರಕ್ಕೇ ಹೋಗ್ತದ. ಪಾಕೀಟ್ ಒಂದ್ಸಲ ನೀರಾಗ ಅಲುಗಾಡಿಸಿ ಒಣಗಿಸಿದ್ರ ಸಾಕು. ಸಾಬಾಣ ಹಚ್ಚಿ ತೊಳಿಯೂದ್ ಬ್ಯಾಡ. ಮೊಸರಿನ ಕಪ್ಪೂ ಹಂಗೇ ಮೈಸೂರು ಅಣ್ಣಾ, ಪಾತ್ರಿ ತೊಳದ ನೀರಾಗ ಒಮ್ಮಿ ಅದ್ದಿ ಬೋರಲ ಹಾಕ್ರಿ, ಅರ್ಧ ನಿಮಿಷ.

ಚಿಪ್ಸ್ ಪಾಕೀಟ್, ಗುಟಕಾ ಪಾಕೀಟ್ ಒಳಗ ಬೆಳ್ಳಿ ಬಣ್ಣ ಇರ್ತದಲ್ಲ, ಅದು ಪ್ಲಾಸ್ಟಿಕ್ಕಿನ ಮ್ಯಾಲ ಲೋಹ, ಅದರ ಮ್ಯಾಲ ಮತ್ತ ಪ್ಲಾಸ್ಟಿಕ್. ಬಿಡಸ್ಲಕ್ ಬರಂಗಿಲ್ಲ. ಭಂಗಾರ್‌ದವ ಮುಟ್ಟಂಗಿಲ್ಲ. ಜ್ಯೂಸಿನ ಟೆಟ್ರಾ ಡಬ್ಬಿ ಮುಕ್ಕಾಲು ಪಾಲು ಕಾಗದ, ಉಳದದ್ದು ಪಾಲಿಥಿನ್ ಮತ್ತ ತೆಳ್ಳನ್ನ ಅಲ್ಯುಮಿನಿಯಂ. ಒತ್ತಿ ಚಪಾಟಿ ಮಾಡಿ ಕೊಡ್ರಿ, ಗೋಣ್ಯಾಗ ಜಾಗ ಉಳೀತದ. ಥರ್ಮಾಕೋಲ್ ಅಂದ್ರ ಅವ್ವಗ ಸಿಟ್ಟು. ಒಂದು ಟಿವಿ ಡಬ್ಬಿಯ ಥರ್ಮಾಕೋಲ್ ಆಕಿ ಅರ್ಧ ಗೋಣಿ ತಿಂತದ, ತೂಕ ನೋಡಿದ್ರ ಒಂದು ಮುಷ್ಟಿ ಚುರಮುರಿ.

ಬಾಟಲಿ ಗಾಜು ಮಾರಾಟ ಆಗ್ತದ, ಕಿಟಕಿ ಗಾಜು, ಟೀ ಕಪ್ಪು, ಕನ್ನಡಿ ಆಗಂಗಿಲ್ಲ. ಒಂದರ ಜೋಡಿ ಒಂದು ಕರಗಂಗಿಲ್ಲ.

2018ರಾಗ ಮಹಾರಾಷ್ಟ್ರದಾಗ ಪ್ಲಾಸ್ಟಿಕ್ ಕೈಚೀಲ ಬಂದ್ ಮಾಡಿದಾಗ ಅವ್ವ ಕೇಳಿದ್ಲು, “ಈಗ ನಮ್ಮ ದಂಧಾ ಹ್ಯಾಂಗ?” ನಾ ಅಂಜಿದ್ದೆ. ಆಕಿ ನಕ್ಕು, “ಆ ತೆಳು ಚೀಲ ಎಂದೂ ಮಾರಿಲ್ಲಲೇ ಮಗಾ, ಅವು ಹಸಿ ಕಸ ಕಟ್ಟಿ ಕೊಡೂ ಶಾಪ” ಅಂದ್ಲು.

ಹಡಪ್ಸರ್ ಮೇಷ್ಟ್ರು · ಶುಕ್ರವಾರ ಬೆಳಗ್ಗೆ 10:15

ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಪ್ಪಾ. ಇಷ್ಟು ಸ್ಪಷ್ಟವಾಗಿ ನಾನು ಮೂವತ್ತು ವರ್ಷದಲ್ಲಿ ವಿಜ್ಞಾನ ಹೇಳಲಿಲ್ಲ.

ದುಡ್ಡಿನ ದಾರಿ ಕೇಳಿದ ಮೈಸೂರಿನವರಿಗೆ: ಪುಣೆ ಮಹಾನಗರಪಾಲಿಕೆಯ ಆಸ್ತಿ ತೆರಿಗೆಯಲ್ಲಿ ಎರೆಗೊಬ್ಬರ, ಸೌರಶಕ್ತಿ, ಮಳೆನೀರು ಕೊಯ್ಲು, ಈ ಮೂರರಲ್ಲಿ ಒಂದಿದ್ದರೆ ಶೇ 5, ಎರಡು ಅಥವಾ ಹೆಚ್ಚಿದ್ದರೆ ಶೇ 10 ರಿಯಾಯಿತಿ ಉಂಟು. ಯಂತ್ರ ಕೊಂಡು ಮೂಲೆಗಿಟ್ಟು ರಿಯಾಯಿತಿ ಪಡೆದವರೂ ಇದ್ದಾರೆ, ತಪಾಸಣೆಗೆ ಬಂದರೆ ಮುಖ ಕೆಂಪಗಾಗುತ್ತದೆ. ವಾಕಡ್ ಪಿಂಪ್ರಿ-ಚಿಂಚ್‌ವಡ್‌ಗೆ ಸೇರುತ್ತದೆ, ನಿಮ್ಮ ವಾರ್ಡ್ ಆಫೀಸಿನಲ್ಲೇ ವಿಚಾರಿಸಿ.

ಸದಾಶಿವ ಪೇಠೆ ಸೊಸೆ · ಶುಕ್ರವಾರ ಮಧ್ಯಾಹ್ನ 1:30

ಬೇಗ ಬೇಗ ಉಳಿದದ್ದು, ಅಕ್ಕ ಮೊದಲು ಕೇಳಿದ್ರಲ್ಲ. ಬಲ್ಬಲ್ಲಿ ಸಿಎಫ್ಎಲ್ (ಸುರುಳಿ ಬಲ್ಬು) ಮತ್ತೆ ಹಳೇ ಥರದ ಟ್ಯೂಬ್‌ಲೈಟ್ ಒಳಗೆ ಪಾದರಸ ಇರುತ್ತೆ. ಒಡೆಯದ ಹಾಗೆ ಪೇಪರ್ ಸುತ್ತಿ ಇ-ಕಸದ ಜೊತೆ. ಫೋನ್ ಬ್ಯಾಟರಿ, ಪವರ್ ಬ್ಯಾಂಕ್ ಅಂತೂ ಕಸದ ಬಕೆಟ್ಟಿಗೆ ಬೇಡವೇ ಬೇಡ, ಗಾಡಿಯಲ್ಲಿ ಒತ್ತಿದಾಗ ಹೊತ್ತಿಕೊಳ್ಳುತ್ತೆ. ಒಂದು ಶೂ ಡಬ್ಬ ಇಟ್ಟು ಸೇರಿಸಿ, ಇ-ಕಸ ತಗೊಳ್ಳೋ ಶಿಬಿರ ಆಗಾಗ ನಡೆಯುತ್ತೆ, ಆಗ ಒಟ್ಟಿಗೆ ಕೊಡಿ. ಹಳೇ ಬಟ್ಟೆನೂ ಆ ಶಿಬಿರದಲ್ಲಿ ತಗೊಳ್ತಾರೆ. ಹಳೇ ಗುಳಿಗೆ ಚರಂಡಿಗೆ, ಕಕ್ಕಸಿಗೆ ಬೇಡ, ಅಪಾಯದ ಕಸ ಅಂತ ಬರೆದು ಬೇರೆ ಕವರಲ್ಲಿ.

ಇನ್ನು ದೇವರ ಹೂವು. ನಿರ್ಮಾಲ್ಯಾನ ಪ್ಲಾಸ್ಟಿಕ್ ಸಮೇತ ಮುಠಾ ನದಿಗೆ ಸೇತುವೆ ಮೇಲಿಂದ ಬಿಡೋರನ್ನ ಕಂಡ್ರೆ ನಮ್ಮತ್ತೆ ಸ್ಕೂಟಿ ನಿಲ್ಲಿಸಿ ಬೈತಾರೆ. ಹೂವು ಗಡಿಗೆಗೆ, ದಾರ ಬಿಡಿಸಿ. ಗಣಪತಿ ನಮ್ಮನೇಲಿ ಶಾಡೂ ಅನ್ನೋ ಜೇಡಿಮಣ್ಣಿಂದು. ಮೈದುನನ ಮನೇಲಿ ಪ್ಲಾಸ್ಟರ್ ಆಫ್ ಪ್ಯಾರಿಸ್. ಅದನ್ನ ಬಕೆಟ್ ನೀರಲ್ಲಿ ಅಮೋನಿಯಂ ಬೈಕಾರ್ಬೋನೇಟ್ ಹಾಕಿ ಮುಳುಗಿಸ್ತಾರೆ, ಎರಡು ದಿನಕ್ಕೆ ಕರಗುತ್ತೆ. ಇದು ಪುಣೆಯ ಎನ್‌ಸಿಎಲ್ (ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ) ವಿಜ್ಞಾನಿಗಳು ಕೊಟ್ಟ ಉಪಾಯ. ಮೇಲಿನ ನೀರಲ್ಲಿ ಅಮೋನಿಯಂ ಸಲ್ಫೇಟ್, ಅಂದ್ರೆ ಗಿಡಕ್ಕೆ ಗೊಬ್ಬರ. ತಳದಲ್ಲಿ ಸುಣ್ಣಕಲ್ಲಿನ ಥರದ ಪುಡಿ. ಕೊನೆಗೆ ಗಣಪ್ಪ ದಾಸವಾಳದ ಬುಡ ಸೇರ್ತಾನೆ.

ಹಿಂಜೆವಾಡಿ ಹೊಸಬಳು · ಶುಕ್ರವಾರ ರಾತ್ರಿ 8:00

ಕೆಂಪು ಪೆನ್ ನೇತಾಡಿಸಿದೆ. ಫ್ಲಶ್ ಮಾಡ್ತಿದ್ದವಳೇ ದಾರ ತಂದುಕೊಟ್ಟಳು :)

ಕೋಥ್ರೂಡ್‌ನ ಧಾರವಾಡದಾಕಿ · ಮುಂದಿನ ಶನಿವಾರ ಸಂಜೆ 7:15

ತಾಈದು ಹೊಲಿಗಿ ಬಿಚ್ಚಿದ್ರು. ಬೆರಳು ಮಡಸಲಿಕ್ಕೆ ಬರ್ತದ, ಚಳಿಗೆ ಜಗ್ತದ ಅಂತಾಳ. ಹತ್ತು ದಿನ ಆಕಿ ಬದಲಿ ಆಕಿ ಸೊಸಿ ಬಂದ್ಲು.

ನಾ ಆಕಿಗೆ, “ತಾಈ, ಏನ್ ತಂದು ಕೊಡ್ಲಿ?” ಅಂದೆ. ಸೀರಿ ಅಂತಾಳೇನೋ, ರೊಕ್ಕ ಅಂತಾಳೇನೋ ಅಂತ ಮಾಡಿದ್ದೆ. ಆಕಿ ಅಂದದ್ದು, “ಕೂಡಲಿಕ್ಕೆ ಜಾಗಾ ಕೊಡಸ್ರಿ.” ಒಣ ಕಸ ಆರಿಸಲಿಕ್ಕೆ ಆಕಿ ದಿನಾ ಗೇಟಿನ ಹೊರಗ ಫುಟ್‌ಪಾತ್ ಮ್ಯಾಲ ಬಿಸಲಾಗ ಕೂಡ್ತಾಳ, ಮಳಿ ಬಂದ್ರ ಪುಠ್ಠಾ ತೋಯ್ತಾವ. ಮೆಟ್ಟಲ ಕೆಳಗ ನೆರಳು, ಒಂದು ನಳ ಇದ್ರ ಸಾಕಂತ. ಹನ್ನೊಂದು ವರ್ಷ ಆಕಿ ಅಲ್ಲಿ ಕೂಡೂದು ಕಂಡೀನಿ, ಯಾಕ ಅಲ್ಲಿ ಅಂತ ಕೇಳಿಲ್ಲ.

ಕಮಿಟಿಯೊಳಗ ಒಂದು ತಾಸು ಜಗಳ. ಒಬ್ಬರು ಸ್ಕೂಟರ್ ನಿಲ್ಲಸೂ ಜಾಗಾ ಹೋಗ್ತದ ಅಂದ್ರು, ಇನ್ನೊಬ್ಬರು ಇಲಿ ಬರ್ತಾವ ಅಂದ್ರು. ಕಡೀಕೆ ಮುಂಜಾನೆ ಎಂಟರಿಂದ ಹತ್ತರ ತನಕ ಅಂತ ಒಪ್ಪಿದ್ರು. ಸ್ಕೂಟರ್ ನಮ್ಮ ಯಜಮಾನರದೇ ಸರಿಸಿದ್ವಿ. ನಿನ್ನೆ ಆಕಿ ಅಲ್ಲಿ ಕೂತು, ಸೆರಗು ಸೊಂಟಕ್ಕ ಸಿಗಿಸಿ, ಪಾಕೀಟ್ ಒಂದೊಂದೇ ಬೆರಳಾಗ ತಿಕ್ಕಿ ಬ್ಯಾರೆ ಬ್ಯಾರೆ ಗೋಣಿಗೆ ಹಾಕ್ಲಿಕತ್ತಿದ್ಲು. ಅವ್ವನ ಮಗ ಬರದದ್ದು ನೆಪ್ಪಾತು.

ಗಾಜಿನ ಡಬ್ಬಿ, ಬ್ಲೇಡಿನ ಡಬ್ಬಿ, ಶೂ ಡಬ್ಬ ಮೂರೂ ಅಟ್ಟದ ಕೆಳಗ ಸಾಲಾಗಿ ಕೂತಾವ. ಗಡಗಿ ಮತ್ತ ತೊಳದು ಇಟ್ಟೀನಿ, ಎರಡು ಗೋಣಿ ಒಣ ಎಲಿ ತಂದೀನಿ. ನಾಳೆ ರವಿವಾರ ಸುರು. ಮಜ್ಜಿಗಿ ಎರಡು ದಿನದ್ದು, ಬಾಯಿಗೆ ಇಡಂಗಿಲ್ಲ ಅಷ್ಟು ಹುಳಿ ಆಗೇದ. ನಡೀತದೇನ್ರಿ ಬಾಲ್ಕನಿ ಅಕ್ಕಾರ?

ಬಾಲ್ಕನಿ ಗೊಬ್ಬರ · ಶನಿವಾರ ಸಂಜೆ 7:22

ಅಂಥದ್ದೇ ಬೇಕು. ಒಂದು ಲೋಟ ಸಾಕು, ಉಪ್ಪು ಹಾಕಿದ್ದಲ್ಲ ತಾನೇ?